ವಾಲ್ವ್ ಬಿಚ್ಚುವ ಮುನ್ನ

ಏಪ್ರಿಲ್ ಹತ್ತಿರವಾದಂತೆ ಗೋರೆಗಾಂವಿನ ಗ್ಯಾರೇಜುಗಳಲ್ಲಿ ಕನ್ನಡ, ತುಳು ಮಾತು ಹೆಚ್ಚು ಕಿವಿಗೆ ಬೀಳುತ್ತದೆ. ಮಕ್ಕಳಿಗೆ ರಜೆ, ಊರಲ್ಲಿ ಮದುವೆ, ನೇಮ, ಬ್ರಹ್ಮಕಲಶ. ಹೆದ್ದಾರಿ 66 ಹಿಡಿದರೆ ಮಂಗಳೂರು ಸುಮಾರು 900 ಕಿಲೋಮೀಟರ್. ನಡುವೆ ಕಶೇಡಿ ಘಾಟಿ, ಪರಶುರಾಮ ಘಾಟಿ. ಹೊರಡುವ ಮುಂಚೆ ಗಾಡಿಯನ್ನು ಒಮ್ಮೆ ಮಿಸ್ತ್ರಿಗೆ ತೋರಿಸಿಬಿಡುವುದು ಮುಂಬೈ ಕನ್ನಡಿಗರ ಹಳೆಯ ರೂಢಿ. ಹಾಗೆ ಬಂದ ಗಾಡಿಗಳಲ್ಲಿ ಈಚೆಗೆ ಒಂದು ದೂರು ಪದೇ ಪದೇ ಕೇಳಿಸುತ್ತದೆ: 'ಹಳದಿ ದೀಪ ಹತ್ತಿದೆ, ಸ್ಕ್ಯಾನ್ ಮಾಡಿಸಿದೆ, ಆಯಿಲ್ ಪಂಪಿನ ಸೊಲೆನಾಯ್ಡ್ ಹೋಗಿದೆಯಂತೆ.'

ಆ 'ಅಂತೆ'ಯನ್ನು ಯಾರು ನಂಬುತ್ತಾರೆ, ಯಾರು ನಂಬುವುದಿಲ್ಲ ಎಂಬುದರಿಂದ ಮಿಸ್ತ್ರಿಯ ಯೋಗ್ಯತೆ ತಿಳಿಯುತ್ತದೆ.

ಗೋರೆಗಾಂವ್ ಎಂದರೆ ಹೊರಗಿನವರಿಗೆ ಪೂರ್ವದ ಆರೆ ಕಾಲೊನಿ ಮತ್ತು 1977ರಲ್ಲಿ ಶುರುವಾದ ಫಿಲ್ಮ್ ಸಿಟಿ. ಕಾರು ಇಟ್ಟವರ ಗೋರೆಗಾಂವ್ ಬೇರೆ. ಅದು ಹಳಿಯ ಪಶ್ಚಿಮಕ್ಕಿದೆ: ಎಸ್.ವಿ. ರೋಡ್, ಉದ್ಯೋಗ ನಗರದ ಗಾಳಾಗಳು ಎಂಬ ಸಣ್ಣ ಮಳಿಗೆಗಳು, ರಾಮಮಂದಿರ ರಸ್ತೆ, ಲಿಂಕ್ ರೋಡಿನ ಒಳಗಲ್ಲಿಗಳು. ಎರಡು ಗಾಡಿ ಹಿಡಿಸುವ ಜಾಗ, ಮೂರನೆಯದು ರಸ್ತೆಯಲ್ಲಿ. ಗೋಡೆಯ ಮೊಳೆಗಳಿಗೆ ಪಾನಾಗಳು, ಮೂಲೆಯಲ್ಲಿ ಗಣಪತಿ, ಬಾನೆಟ್ ಮೇಲೆ ಲ್ಯಾಪ್‌ಟಾಪ್. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಿರಾಕಿಗೆ ಕಾಫಿ ಸಿಗುತ್ತದೆ, ಗಾಜಿನಾಚೆಗಿನ ಕೆಲಸ ಕಾಣುವುದಿಲ್ಲ. ಇಲ್ಲಿ ಕಟಿಂಗ್ ಚಹಾ ಹಿಡಿದು ಉಸ್ತಾದನ ಪಕ್ಕದಲ್ಲೇ ನಿಂತು ಎಂಜಿನ್ನಿನೊಳಗೆ ಇಣುಕಬಹುದು, ತಲೆಹರಟೆ ಪ್ರಶ್ನೆಯನ್ನೂ ಕೇಳಬಹುದು.

ಈ ಗ್ಯಾರೇಜುಗಳ ಹಿರಿಯರು ಕೈ ಪಳಗಿಸಿಕೊಂಡದ್ದು ಪದ್ಮಿನಿಯ ಮೇಲೆ. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ 1964ರಿಂದ ತಯಾರಿಸಿದ ಫಿಯಟ್ 1100 ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಮುಂಬೈಯ ಕಾಲಿಪೀಲಿ ಟ್ಯಾಕ್ಸಿಗಳು ಬಹುಪಾಲು ಅವೇ ಆಗಿದ್ದವು. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು, ತಾಡದೇವ್ ಆರ್‌ಟಿಒದಲ್ಲಿ. ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯಸ್ಸು. 2023ರ ಅಕ್ಟೋಬರ್ 30ರಿಂದ ಅದೂ ರಸ್ತೆಯಲ್ಲಿಲ್ಲ. ಆ ಎಂಜಿನ್ನಿನ ಆಯಿಲ್ ಪಂಪಿನಲ್ಲಿ ಎರಡು ಹಲ್ಲುಚಕ್ರ, ಒಂದು ಸ್ಪ್ರಿಂಗು. ಎಂಜಿನ್ ಎಷ್ಟು ಜೋರಾಗಿ ತಿರುಗಿದರೆ ಅಷ್ಟು ಎಣ್ಣೆ ತಳ್ಳು, ಒತ್ತಡ ಮಿತಿಮೀರಿದರೆ ಸ್ಪ್ರಿಂಗ್ ಸರಿಸಿ ಹೆಚ್ಚಾದದ್ದನ್ನು ಕೆಳಗೆ ಬಿಡು, ಇಷ್ಟೇ. ವೈರು ಇಲ್ಲ, ಕೋಡೂ ಇಲ್ಲ.

ಹೊಸ ಪಂಪಿಗೆ ಈ ದುಂದು ಒಗ್ಗುವುದಿಲ್ಲ. ಎಂಜಿನ್ನಿಗೆ ಬೇಕಿಲ್ಲದ ಒತ್ತಡವನ್ನು ಎಬ್ಬಿಸುವುದಕ್ಕೂ ಪೆಟ್ರೋಲ್ ಸುಡಬೇಕಲ್ಲ! ಹೊಗೆಯ ನಿಯಮಗಳು, ಮೈಲೇಜಿನ ನಿಯಮಗಳು ಬಿಗಿಯಾದಂತೆ (ನಮ್ಮಲ್ಲಿ ಬಿಎಸ್6 ಜಾರಿಯಾದದ್ದು 2020ರ ಏಪ್ರಿಲ್ 1ರಿಂದ) ಕಾರು ತಯಾರಕರು ಇಂಥ ಚಿಲ್ಲರೆ ನಷ್ಟಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದರು. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಪಂಪಿನ ಸುತ್ತ ಒಂದು ಉಂಗುರ ಇರುತ್ತದೆ. ಅದು ಒಂದು ಕಡೆ ಸರಿದರೆ ಪಂಪ್ ಹೆಚ್ಚು ಎಣ್ಣೆ ತಳ್ಳುತ್ತದೆ, ನಡುವಿಗೆ ಬಂದರೆ ಕಡಿಮೆ. ಉಂಗುರವನ್ನು ಸರಿಸುವುದು ಎಣ್ಣೆಯ ಒತ್ತಡವೇ. ಆ ಎಣ್ಣೆಗೆ ದಾರಿ ಬಿಡಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸುವುದು ಸೊಲೆನಾಯ್ಡ್ ವಾಲ್ವ್. ಹೆಬ್ಬೆರಳಿಗಿಂತ ತುಸು ದೊಡ್ಡದು. ಒಳಗೆ ತಾಮ್ರದ ಸುರುಳಿ, ನಡುವೆ ಜಾರುವ ಕಬ್ಬಿಣದ ಕಡ್ಡಿ, ಬಾಯಿಗೆ ಸಣ್ಣ ಜಾಲರಿ, ಸುತ್ತ ಒಂದೆರಡು ರಬ್ಬರ್ ರಿಂಗು. ಎಂಜಿನ್ನಿನ ಕಂಪ್ಯೂಟರ್ ಕರೆಂಟ್ ಕೊಟ್ಟಾಗ ಕಡ್ಡಿ ಸರಿಯುತ್ತದೆ. ಫೋಕ್ಸ್‌ವ್ಯಾಗನ್ ಬಳಗದ ಎರಡು ಹಂತದ ಪಂಪಿನಲ್ಲಿ ಕೆಳಗಿನ ಹಂತ ಎರಡು ಬಾರ್‌ಗಿಂತ ಕಡಿಮೆ, ಮೇಲಿನದು ಮೂರು ಬಾರ್ ದಾಟುತ್ತದೆ. ಬೇರೆ ಕೆಲವದರಲ್ಲಿ ಹಂತಗಳೇ ಇಲ್ಲ, ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹೆಚ್ಚುಕಡಿಮೆ ಮಾಡುತ್ತಿರುತ್ತದೆ.

ಇಲ್ಲಿ ಹಳೆಯ ಉಸ್ತಾದರ ಲೆಕ್ಕ ಕೈಕೊಡುತ್ತದೆ. ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು ಹತ್ತು ಪಿಎಸ್‌ಐ ಒತ್ತಡ ಇರಬೇಕು ಎಂಬುದು ಅವರ ಬಾಯಿಪಾಠ. ಆ ಲೆಕ್ಕದಲ್ಲಿ ನೋಡಿದರೆ ನೆಟ್ಟಗಿರುವ ಹೊಸ ಎಂಜಿನ್ನೂ ರೋಗಿಯಂತೆ ಕಾಣುತ್ತದೆ. ಇನ್ನೊಂದು ಕಡೆ, ಲ್ಯಾಪ್‌ಟಾಪ್ ಮಾತ್ರ ಬಲ್ಲ ಹುಡುಗರು ಪರದೆಯ ಮೇಲೆ 'ಪಿ06ಡಿಎ' ಬಂದ ಕೂಡಲೇ ಹೊಸ ವಾಲ್ವ್ ತರಿಸಿಬಿಡುತ್ತಾರೆ. ಆ ಕೋಡ್ ಹೇಳುವುದು ಎಣ್ಣೆಯ ಒತ್ತಡ ನಿಯಂತ್ರಿಸುವ ಸರ್ಕ್ಯೂಟಿನಲ್ಲಿ ತೊಂದರೆ ಎಂದಷ್ಟೇ. ಸರ್ಕ್ಯೂಟ್ ಎಂದರೆ ವಾಲ್ವೊಂದೇ ಅಲ್ಲ, ವೈರು, ಪ್ಲಗ್ಗು, ಫ್ಯೂಸು, ಕಂಪ್ಯೂಟರ್ ಎಲ್ಲ ಸೇರಿತು. ಇದರ ಸೋದರ 'ಪಿ06ಡಿಡಿ'ಯ ದೂರು ಬೇರೆ: ಕಂಪ್ಯೂಟರ್ ಹೇಳಿದಂತೆ ಒತ್ತಡ ಬದಲಾಗುತ್ತಿಲ್ಲ. ಅದಕ್ಕೆ ವಾಲ್ವ್ ಕಾರಣವಿರಬಹುದು, ಕೊಳೆತ ಎಣ್ಣೆಯೂ ಇರಬಹುದು, ಸವೆದ ಪಂಪೂ ಇರಬಹುದು. ಅಳೆಯದೆ ಕಳಚುವವನನ್ನು ನಾನು ಮಿಸ್ತ್ರಿ ಎನ್ನಲಾರೆ. ಅವನು ಸಾಮಾನು ಮಾರುವವನು.

ದೀಪದ ಬಣ್ಣವನ್ನು ಕಾರಿಟ್ಟವರೆಲ್ಲ ತಿಳಿದಿರಬೇಕು. ಹಳದಿ ಎಂಜಿನ್ ಗುರುತು ಹತ್ತಿದರೆ ಗಾಡಿಯನ್ನು ನಿಧಾನವಾಗಿ ಗ್ಯಾರೇಜಿಗೆ ಓಡಿಸಿಕೊಂಡು ಹೋಗಬಹುದು. ಕೆಂಪು ಎಣ್ಣೆಗಿಂಡಿ ಹತ್ತಿದರೆ ಇದ್ದಲ್ಲೇ ಬದಿಗೆ ಹಾಕಿ ಎಂಜಿನ್ ಆರಿಸಬೇಕು. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಆದರೂ ಸರಿ, ಹಿಂದಿನವರು ಎಷ್ಟು ಹಾರ್ನ್ ಹೊಡೆದರೂ ಸರಿ. ಎಣ್ಣೆಯ ಒತ್ತಡವಿಲ್ಲದೆ ಓಡಿದ ಎಂಜಿನ್ನಿನ ಬೇರಿಂಗ್ ಕಚ್ಚಿಹೋಗಲು ಹೆಚ್ಚು ಹೊತ್ತು ಬೇಡ. ಸಾವಿರಗಳಲ್ಲಿ ಮುಗಿಯುವ ಕೆಲಸ ಲಕ್ಷಕ್ಕೆ ಹೋಗುವುದು ಅಲ್ಲಿಯೇ.

ಎರಡು ಹಂತದ ಅನೇಕ ಪಂಪುಗಳನ್ನು ಮಾಡಿದವರು ಒಂದು ಜಾಣತನ ತೋರಿಸಿದ್ದಾರೆ. ವಾಲ್ವಿಗೆ ಕರೆಂಟ್ ಹೋಗದಿದ್ದರೆ ಪಂಪ್ ತಾನಾಗಿ ಮೇಲಿನ ಹಂತಕ್ಕೆ ಹೋಗುತ್ತದೆ. ಅಂದರೆ ಸುರುಳಿ ಸುಟ್ಟರೂ ಎಂಜಿನ್ನಿಗೆ ಎಣ್ಣೆ ಕಮ್ಮಿಯಾಗದು, ಒಂದಿಷ್ಟು ಮೈಲೇಜ್ ಮಾತ್ರ ಹೋಗುತ್ತದೆ. ಹೆದರಬೇಕಾದದ್ದು ಕಡ್ಡಿ ಕೆಳಹಂತದಲ್ಲೇ ಸಿಕ್ಕಿಕೊಂಡಾಗ: ಆಗ ಘಾಟಿ ಹತ್ತುವ ಎಂಜಿನ್ ಹೆಚ್ಚು ಎಣ್ಣೆ ಕೇಳುತ್ತದೆ, ಪಂಪ್ ಕೊಡುವುದಿಲ್ಲ.

ಒಳ್ಳೆಯ ಮಿಸ್ತ್ರಿ ಮೊದಲು ಎಳೆಯುವುದು ಡಿಪ್‌ಸ್ಟಿಕ್ಕನ್ನು. ಎಣ್ಣೆ ಎಷ್ಟಿದೆ, ಬಣ್ಣ ಏನು, ಬೆರಳಿಗೆ ಹೇಗೆ ಹತ್ತುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಂದು ಮುಳುಗಿದ ಕಾರುಗಳನ್ನು ಬಿಚ್ಚಿದವರಿಗೆ ನೀರು ಬೆರೆತ ಎಣ್ಣೆ ಹಾಲು ಹೆಚ್ಚಾದ ಚಹಾದಂತೆ ಇರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಆಮೇಲೆ ಅವನು ವೈರು ನೋಡುತ್ತಾನೆ. ಮುಂಬೈಯಲ್ಲಿ ಮಳೆ ಹಿಡಿದರೆ ಇಲಿಗಳು ಬೆಚ್ಚಗಿನ ಬಾನೆಟ್ ಹುಡುಕುತ್ತವೆ. ಸೊಸೈಟಿಯ ಪಾರ್ಕಿಂಗಿನಲ್ಲಿ ರಾತ್ರಿ ನಿಂತ ಕಾರಿನ ವೈರು ಬೆಳಿಗ್ಗೆ ತುಂಡಾಗಿರುವುದು ಇಲ್ಲಿ ಸುದ್ದಿಯೇ ಅಲ್ಲ. ಇಲಿ ಕಡಿದ ತಪ್ಪಿಗೆ ವಾಲ್ವ್ ಶಿಕ್ಷೆ ಅನುಭವಿಸುವುದೂ ಉಂಟು. ಪ್ಲಗ್ಗಿನ ಒಳಗೆ ಎಣ್ಣೆ ಕಂಡರೆ ವಿಷಯ ಗಂಭೀರ. ಕೆಲವು ಜರ್ಮನ್ ಎಂಜಿನ್‌ಗಳಲ್ಲಿ ಸೊಲೆನಾಯ್ಡಿನ ಸೀಲ್ ಸೋತು, ಎಣ್ಣೆ ತಾಮ್ರದ ಎಳೆಗಳ ನಡುವೆ ಏರುತ್ತಾ ಹೋಗಿ ಕಂಪ್ಯೂಟರಿನವರೆಗೂ ಮುಟ್ಟುತ್ತದೆ. ಅಲ್ಲಿ ವಾಲ್ವ್ ಬದಲಿಸಿ ವೈರನ್ನು ಹಾಗೇ ಬಿಟ್ಟರೆ ಅರ್ಧ ಕೆಲಸ.

ಆನಂತರ ಮೀಟರ್. ಸುರುಳಿಯ ರೋಧ ಎಷ್ಟು ಓಮ್ ಎಂದು ಅಳೆದು ಆ ಎಂಜಿನ್ನಿನ ಕೈಪಿಡಿಯ ಅಂಕಿಗೆ ಹೋಲಿಸಬೇಕು. ಪ್ಲಗ್ಗಿಗೆ ಬ್ಯಾಟರಿಯ ವೋಲ್ಟೇಜ್ ಬರುತ್ತಿದೆಯೇ, ಅರ್ತಿಂಗ್ ಸರಿಯೇ ನೋಡಬೇಕು. ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು 'ಟಿಕ್' ಸದ್ದಿಗೆ ಕಿವಿಗೊಡಬೇಕು. ಬ್ಯಾಟರಿಯಿಂದ ನೇರ ವೈರ್ ಎಳೆದು ಕರೆಂಟ್ ಕೊಡುವ ಗಲ್ಲಿಯ ಪದ್ಧತಿಯೂ ಇದೆ. ಒಂದು ಕ್ಷಣ ಮುಟ್ಟಿಸಿ ತೆಗೆದರೆ ಪರವಾಗಿಲ್ಲ, ಹಿಡಿದೇ ಇದ್ದರೆ ಒಳ್ಳೆಯ ಸುರುಳಿಯೂ ಸುಟ್ಟೀತು.

ಇಷ್ಟರ ಮೇಲೆ ಬರುವುದು ಗೇಜ್, ಇಡೀ ಕಸುಬಿನ ಪ್ರಾಣ. ಎಣ್ಣೆ ಒತ್ತಡದ ಸ್ವಿಚ್ಚನ್ನು ಬಿಚ್ಚಿ ಅದರ ಜಾಗಕ್ಕೆ ರಬ್ಬರ್ ಪೈಪಿನ ಮುಳ್ಳಿನ ಗೇಜನ್ನು ತಿರುಗಿಸಿ ಕೂರಿಸುತ್ತಾರೆ. ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಕಾಯಬೇಕು. ತಣ್ಣಗಿನ ಎಣ್ಣೆ ದಪ್ಪ, ಅದು ತೋರಿಸುವ ಒತ್ತಡ ಸುಳ್ಳು. ಬಿಸಿಯಾದ ಮೇಲೆ ಐಡಲ್‌ನಲ್ಲಿ ಎಷ್ಟು, ಎರಡು ಸಾವಿರಕ್ಕೆ ಎಷ್ಟು, ನಾಲ್ಕು ಸಾವಿರಕ್ಕೆ ಎಷ್ಟು. ವಾಲ್ವಿನ ಪ್ಲಗ್ ತೆಗೆದಾಗ ಮುಳ್ಳು ಮೇಲಕ್ಕೆ ಹಾರಿತೇ? ಹಾರಿದರೆ ಪಂಪ್ ಗಟ್ಟಿ, ವಾಲ್ವೂ ಸರಿಯುತ್ತಿದೆ. ಹಾರದಿದ್ದರೆ ಕಡ್ಡಿ ಸಿಕ್ಕಿಕೊಂಡಿದೆ, ಇಲ್ಲವೇ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರಿನೊಳಗಿನ ಜಾಲರಿ ಕಟ್ಟಿದೆ, ಇಲ್ಲವೇ ಬೇರಿಂಗ್ ಸವೆದಿದೆ. ಮೂರಕ್ಕೂ ಖರ್ಚು ಬೇರೆ ಬೇರೆ. ಸ್ಕ್ಯಾನರ್ ಕೊಡುವ ಅಂಕಿ ಕಾರಿನದೇ ಸೆನ್ಸರ್ ಹೇಳಿದ ಮಾತು. ಸೆನ್ಸರ್ ಕೆಟ್ಟಿದ್ದರೆ ಅದೂ ಕೆಟ್ಟದ್ದೇ. ಮುಳ್ಳಿಗೆ ಕಾರಿನ ಹಂಗಿಲ್ಲ.

ಇಷ್ಟಕ್ಕೂ ವಾಲ್ವ್ ಏಕೆ ಸಿಕ್ಕಿಕೊಳ್ಳುತ್ತದೆ? ಹತ್ತು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಿಸುವ ಲೆಕ್ಕ ಎಸ್.ವಿ. ರೋಡಿನಲ್ಲಿ ನಡೆಯುವುದಿಲ್ಲ. ಗಂಟೆಗೆ ಅರವತ್ತರ ಸರಾಸರಿಯಲ್ಲಿ ಹೆದ್ದಾರಿಯಲ್ಲಿ ಓಡಿದರೆ ಆ ದೂರಕ್ಕೆ ಎಂಜಿನ್ ದುಡಿಯುವುದು ಸುಮಾರು 167 ಗಂಟೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳಿ ಗಂಟೆಗೆ ಇಪ್ಪತ್ತು ಸಿಕ್ಕರೆ 500 ಗಂಟೆ. ಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ, ಎಣ್ಣೆ ಮಾತ್ರ ಗಂಟೆಯನ್ನೇ ಎಣಿಸುತ್ತದೆ. ಹಳಸಿದ ಎಣ್ಣೆ ಜಿಡ್ಡಾಗಿ ವಾಲ್ವಿನ ಸಣ್ಣ ಜಾಲರಿಯಲ್ಲಿ ಕೂರುತ್ತದೆ. ಅಂಥ ಕಡೆ ಹೊಸ ವಾಲ್ವ್ ಹಾಕಿ ಹಳೇ ಎಣ್ಣೆಯಲ್ಲೇ ಓಡಿಸಿದರೆ ಅದಕ್ಕೂ ಅದೇ ಗತಿ.

ಸಾಮಾನು ತರಲು ಚರ್ನಿರೋಡಿಗೆ ಲೋಕಲ್ ಹಿಡಿಯುತ್ತಾರೆ. ಒಪೆರಾ ಹೌಸ್ ಸುತ್ತಲಿನ ಅಂಗಡಿಗಳೇ ಮುಂಬೈಯ ಕಾರು ಬಿಡಿಭಾಗಗಳ ಪೇಟೆ. ಕಾರಿನ ಹೆಸರು, ವರ್ಷ ಹೇಳಿದರೆ ಸಾಲದು, ಚಾಸಿ ನಂಬರ್ ಕೊಡಬೇಕು. ಒಂದೇ ಮಾಡೆಲ್ಲಿಗೆ ಎರಡು ಮೂರು ಬಗೆಯ ವಾಲ್ವ್ ಇರುತ್ತದೆ. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಗುಜರಿ ಗಾಡಿಗಳಿಂದ ಕಳಚಿದ್ದೂ ಸಿಗುತ್ತದೆ. ಬಾಗಿಲು, ದೀಪ, ಬಂಪರ್ ಅಲ್ಲಿ ತಂದರೆ ನನ್ನ ತಕರಾರಿಲ್ಲ. ಎಣ್ಣೆಯ ವಾಲ್ವನ್ನು ಮಾತ್ರ ಹೊಸದೇ ತರಬೇಕು.

ಬದಲಿಸುವ ಕೆಲಸ ನೋಡಿದರೆ ನಿರಾಸೆಯಾದೀತು, ಅಷ್ಟು ಸಣ್ಣದು. ವಾಲ್ವ್ ಹೊರಗಡೆ ಇದ್ದ ಎಂಜಿನ್ನಿನಲ್ಲಿ ಬ್ಯಾಟರಿ ಕಳಚಿ, ಸುತ್ತ ಧೂಳು ಒರೆಸಿ, ಪ್ಲಗ್ ಎಳೆದು, ಬೋಲ್ಟ್ ಬಿಚ್ಚಿದರೆ ಬಂತು. ಚೇಂಬರಿನ ಒಳಗಿದ್ದರೆ ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜ್ಯಾಕ್ ನಂಬಿ ಕೆಳಗೆ ನುಸುಳುವವರನ್ನು ಬೈದು ಎಬ್ಬಿಸಬೇಕು), ಎಣ್ಣೆ ಇಳಿಸಿ, ಚೇಂಬರ್ ಬಿಚ್ಚಿ, ಹಳೆಯ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆಯಬೇಕು. ಚೇಂಬರ್ ಬಿಚ್ಚಿದವನು ತಳವನ್ನು ಬೆರಳಿಂದ ಸವರಿ ನೋಡುತ್ತಾನೆ: ಮಿನುಗುವ ಲೋಹದ ಪುಡಿ ಸಿಕ್ಕಿದರೆ ಅಲ್ಲಿಗೆ ಮಾತು ವಾಲ್ವನ್ನು ಬಿಟ್ಟು ಬೇರಿಂಗಿಗೆ ಹೋಗುತ್ತದೆ. ಹೊಸ ರಿಂಗಿಗೆ ಎಣ್ಣೆ ಸವರಿ, ತಿರುಚದೆ, ನೇರವಾಗಿ ಒತ್ತಿ ಕೂರಿಸಬೇಕು. ಅಲ್ಯೂಮಿನಿಯಮ್ ಎಳೆಗೆ ಆರು ಎಂಎಂ ಬೋಲ್ಟ್. ಸುಮಾರು ಒಂಬತ್ತು ನ್ಯೂಟನ್ ಮೀಟರ್ ಸಾಕು. ಟ್ರಕ್ಕಿಗೆ ಬಿಗಿದಂತೆ ಬಿಗಿದರೆ ಎಳೆ ಕಿತ್ತು ಬರುತ್ತದೆ. ಹೊಸ ಫಿಲ್ಟರ್, ಕೈಪಿಡಿ ಹೇಳಿದ ದರ್ಜೆಯ ಹೊಸ ಎಣ್ಣೆ. ಇಳಿಸಿದ ಎಣ್ಣೆ ಡ್ರಮ್ಮಿಗೆ ಹೋಗಬೇಕು, ಗಟಾರಕ್ಕಲ್ಲ. ಗೋರೆಗಾಂವಿನ ಗಟಾರಗಳ ಮುಂದಿನ ನಿಲ್ದಾಣ ಆರೆಯಲ್ಲಿ ಹುಟ್ಟುವ ಓಶಿವಾರಾ ನದಿ.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಆಕ್ಸಿಲರೇಟರ್ ಮುಟ್ಟಬಾರದು. ಎಣ್ಣೆ ದೀಪ ಆರಬೇಕು, ಗೇಜ್ ಏರಬೇಕು. ಕೋಡ್ ಅಳಿಸಿ, ಹೈವೇಯಲ್ಲಿ ಒಂದು ಸುತ್ತು ಓಡಿಸಿ, ಬಂದು ಮತ್ತೆ ಸ್ಕ್ಯಾನ್ ಮಾಡುತ್ತಾರೆ.

ಹಣದ ವಿಷಯದಲ್ಲಿ ನಮ್ಮವರು ವಿಚಿತ್ರ. ವಾಲ್ವಿನ ಬೆಲೆಗೆ ಚೌಕಾಸಿ ಮಾಡುವುದಿಲ್ಲ, ಡಬ್ಬಿ ಕಣ್ಣಿಗೆ ಕಾಣುತ್ತದಲ್ಲ. ಗೇಜ್ ಹಾಕಿ ಅಳೆದದ್ದಕ್ಕೆ ಉಸ್ತಾದ್ ಕೂಲಿ ಕೇಳಿದರೆ 'ಬರೀ ನೋಡಿದ್ದಕ್ಕೂ ದುಡ್ಡೇ?' ಎನ್ನುತ್ತಾರೆ. ಆ ನೋಟಕ್ಕೆ ಕೊಡಲು ಒಪ್ಪದಿದ್ದರೆ ಬೇಡದ ವಾಲ್ವಿಗೆ ಕೊಡಬೇಕಾಗುತ್ತದೆ. ಕಳಚಿದ ಹಳೆಯ ವಾಲ್ವನ್ನು ಕೇಳಿ ಪಡೆಯಿರಿ, ಬಿಲ್ಲಿನ ಮೇಲೆ ಕಿಲೋಮೀಟರ್ ಬರೆಸಿ. ರಾತ್ರಿ ಗಾಡಿ ನಿಲ್ಲಿಸುವಾಗ ಚೇಂಬರಿನ ಕೆಳಗೆ ಪೇಪರ್ ಹಾಸಿ. ಬೆಳಿಗ್ಗೆ ಕಲೆ ಕಂಡರೆ ಹೊಸ ಪ್ಯಾಕಿಂಗ್ ಸೋರುತ್ತಿದೆ ಎಂದರ್ಥ, ಊರ ದಾರಿ ಹಿಡಿಯದೆ ನೇರ ಗ್ಯಾರೇಜಿಗೇ ಹೋಗಿ. ಹಾಸಲು ಓದಿ ಮುಗಿಸಿದ ಈ ಪುರವಣಿಯೂ ಆದೀತು.