ಯಾತ್ರೆಗೆ ಸಜ್ಜಾದ ಜೀಪು

ರಸ್ತೆಯನ್ನು ಬಿಟ್ಟು ಹೊಲ, ಹಳ್ಳ, ಗುಡ್ಡಗಳ ನಡುವೆ ಸಾಗಿ, ಕಂಡಲ್ಲಿ ಬಿಡಾರ ಹೂಡಿ, ಅಲ್ಲಿಯೇ ಅಡುಗೆ ಮಾಡಿ ಉಂಡು ಮಲಗಿ ಬರುವಂತೆ ಜೀಪುಗಳನ್ನು ಸಜ್ಜುಗೊಳಿಸುವ ಹವ್ಯಾಸವೊಂದು ಈಚಿನ ವರ್ಷಗಳಲ್ಲಿ ನಮ್ಮ ತರುಣರಲ್ಲಿ ಹಬ್ಬುತ್ತಿದೆ. ಬಳ್ಳಾರಿ ನಗರವೂ ಇದಕ್ಕೆ ಹೊರತಾಗಿಲ್ಲ. ಇದನ್ನು ಕಂಡು ಮೂಗು ಮುರಿಯುವ ಹಿರಿಯರಿಗೆ ನಾವು ಒಂದು ಮಾತು ನೆನಪಿಸಬಯಸುತ್ತೇವೆ. ಜಾತ್ರೆಗೆಂದು ಸವಾರಿ ಬಂಡಿ ಹೂಡಿಕೊಂಡು ವಾರಗಟ್ಟಲೆ ಮನೆ ಬಿಟ್ಟು ಹೋಗುತ್ತಿದ್ದ ನಮ್ಮ ತಂದೆ, ತಾತಂದಿರು ಮಾಡುತ್ತಿದ್ದುದಾದರೂ ಮತ್ತೇನು?

1970ರ ಸುಮಾರಿಗೆ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ನಮ್ಮ ಮನೆಯಿಂದ ಬಂಡಿ ಹೊರಡುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ. ಸಿದ್ಧತೆ ಹದಿನೈದು ದಿನ ಮೊದಲೇ ಆರಂಭವಾಗುತ್ತಿತ್ತು. ಬಡಿಗೇರರು ಬಂದು ಅಚ್ಚು, ಗುಂಬ, ಅರೆಕಾಲುಗಳನ್ನು ಒಂದೊಂದಾಗಿ ತಟ್ಟಿ ನೋಡುವರು. ಹಳಿ ಸಡಿಲವಾಗಿದ್ದರೆ ಗಾಲಿ ಕಮ್ಮಾರರ ಮನೆಯ ಮುಂದೆ ಮಲಗಬೇಕು. ಕಬ್ಬಿಣದ ಹಳಿಯ ಸುತ್ತ ಕುಳ್ಳು ಒಟ್ಟಿ, ಕೆಂಪಗೆ ಕಾಯಿಸಿ, ಹಿಗ್ಗಿದ ಹಳಿಯನ್ನು ಗಾಲಿಗೆ ತೊಡಿಸಿ ನೀರೆರೆದರೆ ಅದು ಕುಗ್ಗಿ ಮರವನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ಬಂಡಿಯ ಕೆಳಗೆ ಕೀಲೆಣ್ಣೆಯ ಬಿದಿರುಗೊಟ್ಟ, ಹಿಂದೆ ಎತ್ತುಗಳ ಮೇವು, ಮೇಲೆ ಬಿದಿರಿನ ಕಮಾನು, ಒಳಗೆ ಹುಲ್ಲು ಹಾಸಿ ಅದರ ಮೇಲೆ ಜಮಖಾನೆ ಮತ್ತು ಕೌದಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳುಪುಡಿಗಳ ಗಂಟು ತಾಯಿಯವರ ಕೈಗೆಟಕುವಲ್ಲಿ. ನೀರಿನ ತತ್ರಾಣಿ ನೆರಳಿನಲ್ಲಿ. ಕಂದೀಲು ನೊಗದ ಬಳಿ.

ಎಲ್ಲಕ್ಕಿಂತ ಮುಖ್ಯವಾದುದು ಹೇರುವ ಕ್ರಮ. ಬಂಡಿ ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನೊತ್ತುತ್ತದೆ; ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಪಟ್ಟಿ ಗಂಟಲನ್ನು ಬಿಗಿಯುತ್ತದೆ. ತಂದೆಯವರು ಪ್ರತಿಯೊಂದು ಗಂಟನ್ನೂ ಕೈಯಲ್ಲೆತ್ತಿ ತೂಗಿ ನೋಡಿಯೇ ಒಳಗಿಡುತ್ತಿದ್ದರು. ನಾವು ಒಯ್ಯಬೇಕೆಂದು ಹಟ ಹಿಡಿದ ತಗಡಿನ ಪೆಟ್ಟಿಗೆ ಒಂದು ವರ್ಷವೂ ಬಂಡಿ ಹತ್ತಲಿಲ್ಲ.

ಇದನ್ನೆಲ್ಲ ಈಗ ಸ್ಮರಿಸಲು ಕಾರಣವಿದೆ. ಬಳ್ಳಾರಿಯಲ್ಲಿ ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಸದ್ಭಕ್ತ ಮನೆತನವಿದೆ. ಆ ಮನೆಯ ಹಿರಿಯ ತಾಯಿಗೆ ಈಗ 84 ವರ್ಷ. 1950ರ ಸುಮಾರಿಗೆ, ಹುಡುಗಿಯಾಗಿದ್ದಾಗ, ಆಕೆ ತನ್ನ ತವರಿನವರೊಡನೆ ಶ್ರೀಶೈಲಕ್ಕೆ ಹೋಗಿದ್ದರು. ಆತ್ಮಕೂರಿನವರೆಗೆ ಬಂಡಿ, ಅಲ್ಲಿಂದ ಮುಂದೆ ನಲ್ಲಮಲದ ಕಾಡಿನಲ್ಲಿ ಕಾಲ್ನಡಿಗೆ. ಆಮೇಲೆ ಬಸ್ಸಿನಲ್ಲಿ ಎಷ್ಟೋ ಸಲ ಹೋಗಿ ಬಂದರೂ, ದಾರಿಯಲ್ಲಿ ಇಳಿದು, ಒಲೆ ಹೂಡಿ, ತಾನೇ ಬೇಯಿಸಿ, ನಸುಕಿನಲ್ಲಿ ಬಯಲಿನಲ್ಲಿ ಕುಳಿತು ಪೂಜೆ ಮಾಡಿ ಹೋದ ಆ ಮೊದಲ ಯಾತ್ರೆಯೇ ಆಕೆಗೆ ಯಾತ್ರೆ. ಇನ್ನೊಮ್ಮೆ ಹಾಗೆ ಹೋಗಬೇಕೆಂಬುದು ಆಕೆಯ ಆಸೆ. ಅದನ್ನು ಕೇಳಿದ ಮೊಮ್ಮಗ, ಎಂಜಿನಿಯರಿಂಗ್ ಓದಿದ ಉತ್ಸಾಹಿ, ಹಳೆಯ ಮಹೀಂದ್ರಾ ಜೀಪೊಂದನ್ನು ಕೊಂಡು ತಂದ.

ಆಯ್ಕೆ ತಪ್ಪೇನಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ವಿಲ್ಲಿಸ್ ಜೀಪನ್ನು 1947ರಿಂದ ಮಹೀಂದ್ರಾ ಸಂಸ್ಥೆ ನಮ್ಮ ದೇಶದಲ್ಲಿ ಜೋಡಿಸತೊಡಗಿತು. ನಮ್ಮ ಬಾಲ್ಯದಲ್ಲಿ ಹಳ್ಳಿಗೆ ಜೀಪು ಬಂದಿತೆಂದರೆ ಸರಕಾರ ಬಂದಿತೆಂದೇ ಅರ್ಥ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹರಿಯುವ ಏರ್ಪಾಡು, ನಿಧಾನವಾಗಿಯಾದರೂ ಬಲವಾಗಿ ಎಳೆಯುವ ಇಳಿಗೇರು, ಎಲ್ಲಿಯೂ ಬಿಚ್ಚಿ ಕಟ್ಟಬಹುದಾದ ಸರಳ ರಚನೆ, ಇವೇ ಅದರ ಹಿರಿಮೆ. ಅದಿರಿನ ಲಾರಿಗಳ ಕಮಾನುಪಟ್ಟಿ ಕಟ್ಟಿ ಕಟ್ಟಿ ಕೈ ಪಳಗಿದ ಗ್ಯಾರೇಜುಗಳು ಬಳ್ಳಾರಿಯಲ್ಲಿ ಬೇಕಾದಷ್ಟಿವೆ. ಆದುದರಿಂದ ಕೆಲಸಗಾರರ ಕೊರತೆಯೂ ಇರಲಿಲ್ಲ.

ಆರು ತಿಂಗಳು ಕಳೆದ ಮೇಲೆ ಜೀಪನ್ನು ತೋರಿಸಲು ನಮ್ಮನ್ನು ಕರೆದರು. ನೋಡಿದೆವು. ಕಮಾನುಪಟ್ಟಿಗಳನ್ನು ಹೆಚ್ಚಿಸಿ ಜೀಪನ್ನು ಎತ್ತರಿಸಲಾಗಿತ್ತು. ಮೊದಲಿನದಕ್ಕಿಂತ ದೊಡ್ಡದಾದ, ಅಗಲವಾದ ಟಯರುಗಳು. ಮುಂದೆ ದಪ್ಪ ಕಬ್ಬಿಣದ ಕಟ್ಟು, ಅದರ ನಡುವೆ ವಿದ್ಯುತ್ತಿನಿಂದ ತಿರುಗುವ ಹಗ್ಗದ ರಾಟೆ. ತಲೆಯ ಮೇಲೆ ಕಬ್ಬಿಣದ ಕ್ಯಾರಿಯರು, ಅದರ ಮೇಲೆ ಎರಡು ಸ್ಟೆಪ್ನಿ, ಡೀಸೆಲ್ ಕ್ಯಾನು, ನೀರಿನ ಟ್ಯಾಂಕು ಮತ್ತು ಮಡಿಚಿಟ್ಟ ಡೇರೆ. ಒಳಗೆ ಸಣ್ಣ ಫ್ರಿಜ್ಜು, ಎರಡನೆಯ ಬ್ಯಾಟರಿ. ಖರ್ಚು ಜೀಪಿನ ಬೆಲೆಯನ್ನು ಮೀರಿತ್ತು. ಓಣಿಯ ಹುಡುಗರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಅಜ್ಜಿಯನ್ನು ಕರೆತಂದರು. ಆಕೆ ಜೀಪಿನ ಬಳಿ ನಿಂತು ಕಾಲೆತ್ತಿ ನೋಡಿದರು. ಮೆಟ್ಟಿಲು ಆಕೆಯ ಮೊಳಕಾಲಿಗಿಂತ ಮೇಲಿತ್ತು. ಮೊಮ್ಮಗ ಒಳಗಿನಿಂದ ಸ್ಟೂಲು ತಂದಿಟ್ಟ. ಆಕೆ ಅದನ್ನು ನೋಡಿ, ಬಾಗಿಲನ್ನು ಕೈಯಿಂದ ಸವರಿ, "ಚಲೋ ಐತಪ್ಪಾ, ನೀವು ಹೋಗಿ ಬರ್ರಿ" ಎಂದು ಒಳಗೆ ನಡೆದರು. ಹುಡುಗನ ಮುಖ ನಮಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಯಾರಿಗಾಗಿ ಜೀಪು ಸಜ್ಜಾಯಿತೋ ಅವರು ಅದನ್ನು ಹತ್ತಲಾರರೆಂಬುದು ಆರು ತಿಂಗಳಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆದರೂ ಪರೀಕ್ಷೆಗೆಂದು ಕಾರ್ತಿಕದಲ್ಲಿ ಎರಡು ದಿನದ ಪ್ರವಾಸ ಗೊತ್ತಾಯಿತು. ನಾವೂ ಜೊತೆಗೆ ಹೊರಟೆವು. ಈ ವಯಸ್ಸಿನಲ್ಲಿ ಬೇಕಿತ್ತೇ ಎಂದು ಮನೆಯವರು ಕೇಳಿದ್ದು ನಿಜ.

ಮೊದಲ ರಾತ್ರಿ ಕುರುಗೋಡಿನ ಬಳಿ ಪರಿಚಿತರ ಹೊಲದಲ್ಲಿ ಇಳಿದೆವು. ಹಿಂದೆ ಸಿಂದರು ಆಳಿದ ಊರು. ಬಂಡೆಗಲ್ಲಿನ ಗುಡ್ಡ, ಮೇಲೆ ಹಳೆಯ ಕೋಟೆ, ಕೆಳಗೆ ಏಕಶಿಲೆಯ ಬೃಹತ್ ಬಸವಣ್ಣನ ಗುಡಿ. ನಮ್ಮ ಸೀಮೆಯ ಬಂಡೆಗಳು ಹಗಲು ಕುಡಿದ ಬಿಸಿಲನ್ನು ರಾತ್ರಿ ಬಹಳ ಹೊತ್ತಿನವರೆಗೆ ಉಗುಳುತ್ತವೆ. ಕಾರ್ತಿಕದಲ್ಲಿ ಇದು ಹಿತ, ಚೈತ್ರದಲ್ಲಿ ಶಿಕ್ಷೆ. ಬೇಸಿಗೆಯಲ್ಲಿ ಬಿಡಾರ ಹೂಡುವವರು ಬಂಡೆಯಿಂದ ದೂರ, ಗಾಳಿಗೆ ತೆರೆದ ಜಾಗ ನೋಡಬೇಕು. ಒಣ ಹಳ್ಳದ ಮರಳು ಎಷ್ಟೇ ಮೆತ್ತಗಿರಲಿ, ಅಲ್ಲಿ ಮಲಗಬಾರದು. ಮೇಲೆಲ್ಲೋ ಸುರಿದ ಮಳೆಯ ನೀರು ಹೇಳದೆ ಬರುತ್ತದೆ. ಆ ರಾತ್ರಿ ಡೇರೆಗೆ ಹೋಗಲು ಏಣಿ ಹತ್ತಬೇಕಾಗಿತ್ತು. ನಾವು ಕೆಳಗೆ ಕಂಬಳಿ ಹಾಸಿಕೊಂಡು ಸುಖವಾಗಿ ನಿದ್ರಿಸಿದೆವು.

ಬೆಳಗಿನ ಜಾವ ಹನಿ ಬಿತ್ತು. ತೆಕ್ಕಲಕೋಟೆ ದಾಟಿ ಸಿರುಗುಪ್ಪಕ್ಕೆ ಬರುವಷ್ಟರಲ್ಲಿ ಒಳ್ಳೆಯ ಮಳೆ. ಕೆಂಚನಗುಡ್ಡದ ಕಡೆ ಅವರ ಬಂಧುಗಳ ಗದ್ದೆ ಇತ್ತು. ಹುಡುಗನಿಗೆ ಜೀಪಿನ ಸಾಮರ್ಥ್ಯ ತೋರಿಸುವ ಹುಮ್ಮಸ್ಸು. ಡಾಂಬರು ಬಿಟ್ಟು ಎರೆಹೊಲದ ದಾರಿಗೆ ತಿರುಗಿಸಿದ. ನೂರು ಮಾರು ಹೋಗಿರಬಹುದು, ಅಷ್ಟೆ.

ಎರೆಮಣ್ಣಿನ ಗುಣ ಬಳ್ಳಾರಿ ಸೀಮೆಯ ಓದುಗರಿಗೆ ಹೇಳಬೇಕಾಗಿಲ್ಲ. ಬೇರೆಡೆಯವರಿಗಾಗಿ ಎರಡು ಮಾತು. ಒಣಗಿದಾಗ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಈ ಮಣ್ಣು ನೀರು ಕುಡಿದಾಗ ಉಬ್ಬಿ ಅಂಟಾಗುತ್ತದೆ. ಟಯರಿನ ಕಚ್ಚುಗಳಲ್ಲಿ ಮೆತ್ತಿಕೊಂಡು ಅದನ್ನು ನುಣುಪಾದ ಉರುಳೆಯಂತೆ ಮಾಡಿಬಿಡುತ್ತದೆ. ಆಮೇಲೆ ಟಯರು ಎಷ್ಟು ದೊಡ್ಡದಿದ್ದರೇನು? ಒಂದು ಕಡೆಯ ಗಾಲಿ ಜಾರಿತೆಂದರೆ ಎಂಜಿನ್ನಿನ ಬಲವೆಲ್ಲ ಆ ಜಾರುವ ಗಾಲಿಯನ್ನು ತಿರುಗಿಸುವುದರಲ್ಲಿಯೇ ಮುಗಿಯುತ್ತದೆ, ಹಿಡಿತವಿರುವ ಗಾಲಿ ಸುಮ್ಮನೆ ನಿಲ್ಲುತ್ತದೆ. ಮರಳಿನಲ್ಲಾದರೆ ಟಯರಿನ ಗಾಳಿಯನ್ನು ಹದಿನೆಂಟು ಇಪ್ಪತ್ತು ಪೌಂಡಿಗೆ ಇಳಿಸಿದರೆ ಅದು ಹರಡಿಕೊಂಡು ತೇಲುತ್ತದೆ. ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು, ಇಲ್ಲವಾದರೆ ಕಾದು ಸಿಡಿಯುವ ಭಯ. ಹಸಿ ಎರೆಯಲ್ಲಿ ಆ ಉಪಾಯವೂ ನಡೆಯುವುದಿಲ್ಲ. ಹಗ್ಗದ ರಾಟೆಯನ್ನು ಬಿಚ್ಚಿದರು. ಕೊಕ್ಕೆ ಸಿಕ್ಕಿಸಲು ಗಟ್ಟಿಯಾದ ಮರವೊಂದು ಬೇಕಲ್ಲ! ಕಣ್ಣಿಗೆಟಕುವಷ್ಟು ದೂರ ಭತ್ತದ ಗದ್ದೆ. ಜಾಕಿ ಇಟ್ಟು ಎತ್ತಹೋದರೆ ಜಾಕಿಯೇ ಮಣ್ಣಿನಲ್ಲಿ ಇಳಿಯಿತು. ತಲೆಭಾರದಿಂದ ಜೀಪು ಒಂದು ಮಗ್ಗುಲಿಗೆ ವಾಲತೊಡಗಿದಾಗ ನಾವು ಇಳಿದು ದೂರ ನಿಂತೆವು.

ಮೂರು ಗಂಟೆಗಳ ಬಳಿಕ ರೈತರೊಬ್ಬರು ಗದ್ದೆಯ ಕೆಸರಿಗೆಂದು ಕಬ್ಬಿಣದ ಜಾಲರಿ ಗಾಲಿ ಹಾಕಿದ್ದ ಟ್ರ್ಯಾಕ್ಟರು ತಂದು ಎಳೆದರು. ಎಳೆಯುವ ಮೊದಲು ಜೀಪನ್ನು ಒಂದು ಸುತ್ತು ಹಾಕಿ ನೋಡಿ, "ಅಯ್ನೋರೆ, ಇದ್ರಾಗ ಏನು ಕಬ್ಬಿಣದಂಗಡಿ ಹೇರ್ಕೊಂಡು ಬಂದೀರೇನ್ರಿ?" ಎಂದು ಕೇಳಿದರು. ಮೇಲಿನದೆಲ್ಲ ಇಳಿಸಿದ ಮೇಲೆಯೇ ಹಗ್ಗ ಕಟ್ಟಿದರು. "ಎರಡು ದಿನ ಬಿಸಲು ಬೀಳಲಿ. ಮಳಿ ಬಂದಾಗ ನಾವು ಬಂಡೀನೂ ಹೂಡಂಗಿಲ್ಲ" ಎಂದದ್ದು ನಮಗೆ ನಾಟಿತು. ಎತ್ತರದ ಗಾಲಿಯ ಬಂಡಿ ಯಾವ ನೆಲದಲ್ಲಿಯೂ ಹೋಗುತ್ತಿತ್ತೆಂದು ನಾವು ಬಾಲ್ಯದ ಮೋಹದಿಂದ ನಂಬಿದ್ದೆವು. ಹೋಗಬಾರದ ದಿನ ಹೊರಡುತ್ತಿರಲಿಲ್ಲ ಎಂಬುದೇ ಅದರ ಗುಟ್ಟು.

ಮತ್ತೊಂದು ತೊಡಕು ಕಾದಿತ್ತು. ಹದಿನೈದು ವರ್ಷ ಮೀರಿದ ಖಾಸಗಿ ವಾಹನದ ನೋಂದಣಿಯನ್ನು ತಪಾಸಣೆ ಮಾಡಿಸಿ ನವೀಕರಿಸಬೇಕಷ್ಟೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ತಯಾರಕರು ನಿಗದಿಗೊಳಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಮುಂದಿನ ಕಬ್ಬಿಣದ ಕಟ್ಟುಗಳ ವಿರುದ್ಧ ಕೇಂದ್ರ ಸರಕಾರ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚನೆ ನೀಡಿತ್ತು; ಅವು ಡಿಕ್ಕಿಯ ಹೊಡೆತವನ್ನು ಹೀರಿಕೊಳ್ಳದೆ ನೇರವಾಗಿ ಒಳಗಿನವರಿಗೆ ದಾಟಿಸುತ್ತವೆ, ದಾರಿಹೋಕರಿಗಂತೂ ಮಾರಕ. ಎಲ್ಲರೂ ಮಾಡುತ್ತಾರಲ್ಲ ಎಂದು ಹುಡುಗ ವಾದಿಸಿದ. ಅಪಘಾತವಾದಾಗ ವಿಮೆಯವರು ಈ ಮಾತನ್ನು ಒಪ್ಪುವರೇ ಎಂದು ಅವನ ತಂದೆ ಕೇಳಿದರು. ಉತ್ತರವಿರಲಿಲ್ಲ.

ಹೀಗೆ ಜೀಪು ಮತ್ತೆ ಗ್ಯಾರೇಜು ಸೇರಿತು. ಈ ಸಲ ಕಟ್ಟುವುದಕ್ಕಿಂತ ಬಿಚ್ಚುವುದೇ ಹೆಚ್ಚಾಯಿತು. ಮೊದಲಿನ ಎತ್ತರದ ಕಮಾನುಪಟ್ಟಿಗಳು ಹೊಸ ಬುಷ್ಷುಗಳೊಡನೆ ಬಂದವು. ಕಂಪನಿ ಹೇಳಿದ ಅಳತೆಯ, ಕಚ್ಚು ಚೆನ್ನಾಗಿರುವ ಟಯರುಗಳು ಬಂದವು. ಕಬ್ಬಿಣದ ಕಟ್ಟು, ರಾಟೆ, ಕ್ಯಾರಿಯರು, ಡೇರೆ, ಫ್ರಿಜ್ಜು ಎಲ್ಲವೂ ಹೋದವು. ಬ್ರೇಕು, ಸ್ಟಿಯರಿಂಗು, ರೇಡಿಯೇಟರಿನ ಕೊಳವೆ, ಫ್ಯಾನ್ ಬೆಲ್ಟುಗಳನ್ನು ಹೊಸದಾಗಿಸಿದರು. ಇದಕ್ಕೆ ತಗಲಿದ ಹಣವನ್ನು ಮೊದಲೇ ಇದಕ್ಕೆ ಹಾಕಿದ್ದರೆ ಎಂದು ನಮಗನ್ನಿಸದಿರಲಿಲ್ಲ, ಆಡಲಿಲ್ಲ.

ನಮ್ಮ ತಂದೆಯವರ ಕ್ರಮವನ್ನು ನಾವು ಹುಡುಗನಿಗೆ ಹೇಳಿದೆವು. ಅವನು ತಕ್ಕಡಿ ತಂದು ಒಂದೊಂದನ್ನೂ ತೂಗಿ ಬರೆದಿಟ್ಟ. ನೀರೇ ಎಲ್ಲಕ್ಕಿಂತ ಭಾರ. ತಲೆಗೆ ದಿನಕ್ಕೆ 5 ಲೀಟರಿನಂತೆ ನಾಲ್ವರಿಗೆ ಮೂರು ದಿನಕ್ಕೆ 60 ಲೀಟರು, ಅಂದರೆ 60 ಕೆ.ಜಿ. ಅದನ್ನು ತಲೆಯ ಮೇಲಿಡುವುದು ಬೇಡ, ಎರಡು ಅಚ್ಚುಗಳ ನಡುವೆ, ನೆಲದ ಮಟ್ಟದಲ್ಲಿ ಇಡಬೇಕೆಂದು ಗೊತ್ತಾಯಿತು. ಮೂರು ಕ್ಯಾನುಗಳು ಮುಂದಿನ ಸೀಟುಗಳ ಬೆನ್ನಿಗೆ ಬಂದವು. ದಿನವೂ ಊರು ಸಿಗುವ ದಾರಿಯಾದುದರಿಂದ ಮೂರೂ ತುಂಬಿರಬೇಕಾಗಿಲ್ಲವೆಂದು ಆಮೇಲೆ ತಿಳಿಯಿತು. ಹಿಂದಿನ ಉದ್ದ ಸೀಟಿನ ಕೆಳಗೆ ಮರದ ಪೆಟ್ಟಿಗೆ. ಅದರಲ್ಲಿ ಒಲೆ, ಪಾತ್ರೆ, ರೊಟ್ಟಿಯ ಡಬ್ಬಿ. 5 ಕೆ.ಜಿ.ಯ ಸಣ್ಣ ಗ್ಯಾಸು ಸಿಲಿಂಡರು ನೆಟ್ಟಗೆ ನಿಲ್ಲುವಂತೆ ಪಟ್ಟಿ ಬಿಗಿದು, ಸಾಗುವಾಗ ಕಡ್ಡಾಯವಾಗಿ ಬಂದು ಮಾಡಿ. ಡೇರೆಗೆ ಬದಲಾಗಿ ಜೀಪಿನ ಮಗ್ಗುಲಿಗೆ ಕಟ್ಟಿ ಎರಡು ಬಿದಿರಿನ ಮೇಲೆ ಎಳೆಯಬಹುದಾದ ತಾಡಪತ್ರಿ. ರಾತ್ರಿಯ ದೀಪಕ್ಕೆ ಬೇರೆ ಸಣ್ಣ ಬ್ಯಾಟರಿ. ಎಂಜಿನ್ನು ಸ್ಟಾರ್ಟ್ ಮಾಡುವ ಬ್ಯಾಟರಿಯಿಂದ ದೀಪ ಉರಿಸಿದರೆ ಬೆಳಗ್ಗೆ ತಳ್ಳುವವರು ಬೇಕಾಗುತ್ತದೆ. ಸಲಿಕೆ, ದಪ್ಪ ಹಗ್ಗ, ಗಾಳಿಪಂಪು, ಮತ್ತು ಜಾಕಿಯ ಕೆಳಗಿಡಲು ಎರಡು ಹಲಗೆ. ಸಿರುಗುಪ್ಪ ಕಲಿಸಿದ ಪಾಠ ಆ ಹಲಗೆಗಳು.

ಹಿಂದಿನಿಂದ ಹತ್ತಲು ಮಡಿಚುವ ಎರಡು ಮೆಟ್ಟಿಲು, ಹಿಡಿಯಲು ಎರಡೂ ಕಡೆ ಹಿಡಿಕೆ. ಇದರ ಅಳತೆಗೆ ಮಾತ್ರ ಅಜ್ಜಿಯನ್ನೇ ಕೇಳಿದರು. ಆಕೆ ಮನೆಯ ಕಟ್ಟೆಯ ಮೆಟ್ಟಿಲನ್ನು ಗೇಣಿನಿಂದ ಅಳೆದು ತೋರಿಸಿದರು.

ಮಾಘದಲ್ಲಿ, ಶಿವರಾತ್ರಿಯ ಸಂದಣಿಗೆ ಮುಂಚೆ, ಹೊರಟರು. ಸಿರುಗುಪ್ಪ, ಆದೋನಿ, ಎಮ್ಮಿಗನೂರು, ಕರ್ನೂಲು, ಆತ್ಮಕೂರು, ದೋರ್ನಾಲ, ಶ್ರೀಶೈಲ. ನಾವು ಆತ್ಮಕೂರಿನವರೆಗೆ ಜೊತೆಗಿದ್ದೆವು. ಒಂದು ದಿನದ ದಾರಿಯನ್ನು ಮೂರು ದಿನ ಮಾಡಿದರು. ಮಧ್ಯಾಹ್ನ ಮರದ ನೆರಳು, ಸಂಜೆ ಪರಿಚಿತರ ತೋಟ. ನಲ್ಲಮಲ ಈಗ ಹುಲಿಗಳ ರಕ್ಷಿತಾರಣ್ಯ. ಒಳಗೆ ಬಿಡಾರ ಹೂಡುವಂತಿಲ್ಲ, ರಾತ್ರಿ ವಾಹನಗಳನ್ನೂ ಬಿಡುವುದಿಲ್ಲ. ಆದುದರಿಂದ ಕಾಡಿನ ಈಚೆಯ ಆತ್ಮಕೂರಿನಲ್ಲಿಯೇ ಕೊನೆಯ ತಂಗು.

ಅಲ್ಲಿ ನಸುಕಿನಲ್ಲಿ ನಮಗೆ ಎಚ್ಚರವಾದಾಗ ಅಜ್ಜಿ ಸ್ನಾನ ಮುಗಿಸಿ, ತಾಡಪತ್ರಿಯ ಕೆಳಗೆ ಕಂಬಳಿ ಹಾಸಿಕೊಂಡು ಪೂಜೆಗೆ ಕುಳಿತಿದ್ದರು. ಮೊಮ್ಮಗ ಒಲೆಗೆ ಗಾಳಿ ತಾಗದಂತೆ ಹಲಗೆ ಹಿಡಿದು ನಿಂತಿದ್ದ. ಪೂಜೆಯ ಬಳಿಕ ಆಕೆ ಕಾಡಿನ ಕಡೆ ಕೈತೋರಿಸಿ, "ಇಲ್ಲೇ ಎಲ್ಲೋ ನಮ್ಮ ಬಂಡಿ ಬಿಟ್ಟಿದ್ರು. ಎತ್ತು ಕಾಯಾಕ ನಮ್ಮಣ್ಣ ಉಳದ, ಅವಗ ಮಲ್ಲಯ್ಯನ ದರ್ಶನ ಆಗಲಿಲ್ಲ" ಎಂದರು. ಎಪ್ಪತ್ತೈದು ವರ್ಷಗಳಲ್ಲಿ ಮನೆಯವರಾರೂ ಕೇಳಿರದ ಸಂಗತಿ ಅದು. ಆ ಅಣ್ಣ ಈಗಿಲ್ಲ.

ದರ್ಶನ ಮುಗಿಸಿ ಐದನೆಯ ದಿನ ಅವರೆಲ್ಲ ಕ್ಷೇಮವಾಗಿ ಬಳ್ಳಾರಿಗೆ ಮರಳಿದರು. ನಾವು ಕುಶಲ ವಿಚಾರಿಸಲು ಹೋದಾಗ ಜೀಪು ಅಂಗಳದಲ್ಲಿ ನಿಂತಿತ್ತು, ಹುಡುಗ ಅದರ ಕೆಳಗೆ ಮಲಗಿ ಏನನ್ನೋ ಬಿಗಿಯುತ್ತಿದ್ದ. ಅಜ್ಜಿ ಕಟ್ಟೆಯ ಮೇಲೆ ಕುಳಿತು ಹೇಳಿ ಮಾಡಿಸುತ್ತಿದ್ದರು. ಕುರುಗೋಡಿನ ತೇರಿಗೆ ಹೋಗುವುದರೊಳಗೆ ಕೆಳಗಿನ ಮೆಟ್ಟಿಲು ಇನ್ನು ನಾಲ್ಕು ಬೆರಳು ಇಳಿಯಬೇಕಂತೆ.