ದೋಟಿಗೆ ಅಲ್ಯೂಮಿನಿಯಂ, ಬಾಲ್ದಿಗೆ ಕಬ್ಬಿಣ

ಅಲ್ಯೂಮಿನಿಯಂ ದೋಟಿ ಬಂದಂದಿನಿಂದ ಅಡಿಕೆ ಕೊಯ್ಯುವ ನಮ್ಮ ಹೆಗಲಿಗೆ ಸುಖವಾಯಿತೆಂಬುದು ನಿಜ. ಆದರೆ ಬಾಲ್ದಿ, ಗೇಟುಗಳಿಗೂ ಅದೇ ಆಗಬೇಕೆಂಬ ಮೋಹ ಸಲ್ಲದು. ಒಂದು ಕಿಲೋ ಅಲ್ಯೂಮಿನಿಯಮಿಗೆ ಸುಮಾರು 4 ಕಿಲೋ ಬಾಕ್ಸೈಟ್ ಅದಿರು, 14 ಯೂನಿಟ್ ವಿದ್ಯುತ್ತು ಬೇಕು. ಅದಿರು ಸೋಸಿ ಉಳಿಯುವ ಕೆಂಪು ಕೆಸರು ತೀಕ್ಷ್ಣ ಕ್ಷಾರ. 2010ರಲ್ಲಿ ಹಂಗೇರಿಯ ಅಯ್ಕಾ ಬಳಿ ಅದರ ಕಟ್ಟೆಯೊಡೆದು ಹತ್ತು ಮಂದಿ ಸತ್ತರು, ಹೊಲಗಳು ಕೆಟ್ಟವು.

ಉಕ್ಕೇನೂ ಸಾಧುವಲ್ಲ. ಅದಿರಿನಿಂದ ತೆಗೆದ ಕಿಲೋ ಉಕ್ಕಿಗೆ ಸುಮಾರು 2 ಕಿಲೋ ಇಂಗಾಲಾಮ್ಲ ಗಾಳಿಗೆ ಸೇರುತ್ತದೆ. ಕಲ್ಲಿದ್ದಲಿನ ವಿದ್ಯುತ್ತಿನಿಂದ ತೆಗೆದ ಅಲ್ಯೂಮಿನಿಯಮಿಗಾದರೋ 15 ಕಿಲೋ ಮೀರುತ್ತದೆ. ತೂಕ ಮೂರರಲ್ಲೊಂದು ಪಾಲಾದರೂ ಲೆಕ್ಕ ಉಕ್ಕಿನ ಕಡೆಗೇ.

ಹಳೆಯ ಅಲ್ಯೂಮಿನಿಯಂ ಕರಗಿಸಲು ಮಾತ್ರ ಹೊಸದರ ಶೇಕಡಾ 5ರಷ್ಟು ಶಕ್ತಿ ಸಾಕು. ಮುರಿದ ದೋಟಿಯನ್ನು ಬೇಲಿಗೆ ಸಿಕ್ಕಿಸದೆ, ಕಬ್ಬಿಣದ ಕತ್ತಿ, ತಿರುಪು ಬಿಚ್ಚಿ, ಬೇರೆಯೇ ಕಟ್ಟಿ ಗುಜರಿಗೆ ಕೊಡೋಣ.