ಮಧುಮೇಹದ ಮೊಳಕೆ

ಮಧುಮೇಹವು ಸಿರಿವಂತರಿಗೆ ನಡುಹರೆಯದಲ್ಲಿ ಬರತಕ್ಕ ರೋಗವೆಂಬ ಭ್ರಮೆಯು ನಮ್ಮಲ್ಲಿ ಇನ್ನೂ ಅಳಿದಿಲ್ಲ. ದೇಹದಲ್ಲಿ ಕೊಬ್ಬು ಬೆಳೆದಂತೆ ಮಾಂಸಖಂಡಗಳು ಇನ್ಸುಲಿನ್ನಿಗೆ ಮಣಿಯವು. ಗ್ಲೂಕೋಸು ರಕ್ತದಲ್ಲಿಯೇ ಉಳಿಯುವುದು. ಇದರ ಮೊಳಕೆಯು ಗರ್ಭದಲ್ಲಿಯೇ ಇರಬಹುದೆಂದು ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಸಂಶೋಧನೆಯು ತಿಳಿಸುತ್ತದೆ. ಅಲ್ಲಿ 1934ರಿಂದ ಬರೆದಿಟ್ಟ ಜನನದ ದಾಖಲೆಗಳನ್ನು ಹಿಡಿದು ಪರೀಕ್ಷಿಸಲಾಗಿ, ಗಿಡ್ಡವಾಗಿ ದುಂಡಗೆ ಹುಟ್ಟಿದವರಲ್ಲಿ ಮಧುಮೇಹವು ಹೆಚ್ಚೆಂದು 1998ರಲ್ಲಿ ಪ್ರಕಟವಾಯಿತು. ಅಲ್ಲಿಯೇ 1997-98ರಲ್ಲಿ ಪರೀಕ್ಷಿಸಿದ ಗರ್ಭಿಣಿಯರ ಪೈಕಿ ಮಧುಮೇಹವಿದ್ದವರ ಮಕ್ಕಳಲ್ಲಿ, ಒಂಬತ್ತೂವರೆ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಅಧಿಕವಾಗಿದ್ದುವು.

ಹೊನ್ನೂರಿನವರೂ ಇದನ್ನು ದೂರದ ಮಾತೆಂದು ಬಗೆಯಬಾರದು. ಪ್ರತಿಯೊಬ್ಬ ಗರ್ಭಿಣಿಗೂ ಸಕಾಲದಲ್ಲಿ ಸಕ್ಕರೆಯ ಪರೀಕ್ಷೆಯಾಗುವಂತೆ ನೋಡುವುದು ಯಳಂದೂರು ತಾಲ್ಲೂಕಿನ ಅಧಿಕಾರಿಗಳ ಕರ್ತವ್ಯ; ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಮನೆಯ ಹಿರಿಯರ ಹೊಣೆ. ಈರ್ವರೂ ಎಚ್ಚತ್ತುಕೊಳ್ಳಲೆಂದು ನಾವು ಒತ್ತಾಯಿಸುತ್ತೇವೆ.